ನೀಲಿ ಸುರಿದೆ, ಹಳದಿ ಬಂತು

ದೆವ್ವ, ಗಾಳಿ, ಸತ್ತವರು ಬಂದು ಹೀಗೆ ಹೇಳಿದರು ಹಾಗೆ ಹೇಳಿದರು, ಇಂಥ ಮಾತು ತೆಗೆದವರನ್ನು ಕಂಡರೆ ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಎದುರಿಗೇ ನಕ್ಕುಬಿಡುತ್ತಿದ್ದೆ. ಬಳ್ಳಾರಿಯ ಒಂದು ಜೀನ್ಸ್ ವಾಷಿಂಗ್ ಘಟಕದಲ್ಲಿ ಮೂವತ್ತು ವರ್ಷ ಬಣ್ಣ ನೋಡುವ ಕೆಲಸ ಮಾಡಿದವನು ನಾನು. ಪ್ಯಾಂಟು ನೀರಿನಿಂದ ಹೊರಗೆ ಬಂದ ಕೂಡಲೇ ಅದರ ಬಣ್ಣ ಮಾದರಿ ಬಟ್ಟೆಗೆ ಹೊಂದುತ್ತದೋ ಇಲ್ಲವೋ ಎಂದು ಕಣ್ಣಲ್ಲೇ ಹೇಳಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನನಗೆ ಗೊತ್ತಾಗುತ್ತಿತ್ತು. ಹಾಗಾಗಿ ಕಣ್ಣಿಗೆ ಕಂಡದ್ದು ಮಾತ್ರ ನಿಜ, ಉಳಿದದ್ದೆಲ್ಲ ಬಾಯಿಮಾತು ಎಂದು ತಿಳಿದಿದ್ದೆ. ಬ್ಲೀಚಿಂಗ್ ಘಾಟು ಕುಡಿದು ಕುಡಿದು ನನ್ನ ಮೂಗು ಎಂದೋ ಸತ್ತಿತ್ತು. ಒಲೆಯ ಮೇಲೆ ಹಾಲು ಸೀದರೂ ನನಗೆ ತಿಳಿಯುವುದಿಲ್ಲ. ಈ ಮಾತು ಯಾಕೆ ಹೇಳಿದೆ ಎಂದು ಆಮೇಲೆ ಗೊತ್ತಾಗುತ್ತದೆ.

ಇದು ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ನಡೆದದ್ದು. ನನ್ನ ಹೆಂಡತಿ ಹಂಪಮ್ಮ ತೀರಿಹೋಗಿ ಆಗ ಎರಡು ವರ್ಷವಾಗಿತ್ತು. ಜ್ವರ ಎಂದು ಆಸ್ಪತ್ರೆಗೆ ನಡೆದುಕೊಂಡು ಹೋದವಳು ವಾಪಸು ಬರಲಿಲ್ಲ. ಇರುವವಳು ಒಬ್ಬಳೇ ಮಗಳು, ರೂಪಾ. ಸಿರುಗುಪ್ಪಕ್ಕೆ ಕೊಟ್ಟಿದ್ದೇವೆ. ತಾಯಿ ಸತ್ತ ಮರುವರ್ಷ ಬಸುರಾದಳು, ಐದನೇ ತಿಂಗಳಿಗೆ ಹೋಯಿತು. ಆಗ ಫೋನಿನಲ್ಲಿ ಬೇರೇನೂ ಹೇಳದೆ, ಅವ್ವ ಇರಬೇಕಿತ್ತು, ಅವ್ವ ಇರಬೇಕಿತ್ತು ಎಂದು ಅತ್ತಳು. ಎರಡನೇ ಸಲ ಬಸುರಾದಾಗಲೇ ನಿಶ್ಚಯ ಮಾಡಿದೆ. ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮುಗಿಸಿ ಕರೆದುಕೊಂಡು ಬರುವುದು, ತಾಯಿ ಇಲ್ಲದಿದ್ದರೇನು, ಬಾಣಂತನ ತವರಲ್ಲೇ ಆಗಬೇಕು. ಕುರುಗೋಡಿನಲ್ಲಿರುವ ಹಂಪಮ್ಮನ ಅಕ್ಕ ನಾಗಮ್ಮ ಮೂರು ತಿಂಗಳು ಬಂದು ಇರುವುದಕ್ಕೆ ಒಪ್ಪಿದರು. ತೊಡಕು ಇದ್ದದ್ದು ಒಂದೇ, ಬಾಣಂತಿ ಮಲಗಬೇಕಾದ ಒಳಕೋಣೆಯ ಗೋಡೆ.

ಮೊಣಕಾಲೆತ್ತರದವರೆಗೆ ಆ ಗೋಡೆ ಹಸಿ. ಬಣ್ಣ ಬೊಬ್ಬೆ ಎದ್ದು ಉದುರುತ್ತಿತ್ತು, ಅದರ ಕೆಳಗೆ ಬಿಳಿ ಉಪ್ಪು, ಮೂಲೆಯಲ್ಲಿ ಕಪ್ಪು ಬೂಷ್ಟು. ಬಳ್ಳಾರಿಯ ಬಿಸಿಲಿಗೆ ಹೊರಗೆ ಇಟ್ಟ ಬಕೆಟ್ಟಿನ ನೀರು ಆರಿಹೋಗುತ್ತದೆ, ಈ ಗೋಡೆ ಮಾತ್ರ ಆರಲಿಲ್ಲ. ನಾಗಮ್ಮ ಒಮ್ಮೆ ಬಂದು ನೋಡಿ, “ಏನಪ, ಇದರಾಗ ಕೂಸು ಮಲಗಸ್ತೀಯೋ, ಮೀನು ಸಾಕ್ತೀಯೋ?” ಎಂದರು. ನಾನೂ ನಕ್ಕೆ. ಆದರೆ ನಗುವ ಮಾತಾಗಿರಲಿಲ್ಲ. ರೂಪಾಗೆ ಚಿಕ್ಕಂದಿನಿಂದ ಉಬ್ಬಸ. ಹಸಿ ಗೋಡೆ, ಬೂಷ್ಟು ಇರುವ ಕಡೆ ಇರಲೇಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಬೀಗತಿ ಬಂದವರು ಗೋಡೆಗೆ ಅಂಗೈ ಒತ್ತಿ ನೋಡಿ ಸೆರಗಿಗೆ ಒರೆಸಿಕೊಂಡರು. “ಗ್ವಾಡಿ ಒಣಗಲಿ ಬೀಗರ, ಆಮ್ಯಾಲ ಕರಕೊಂಡು ಹೋಗೀರಂತ. ಇಲ್ಲಾಂದ್ರ ನಮ್ಮಲ್ಲೇ ಆಗ್ಲಿ. ಒಂದು ಹೋದದ್ದು ಸಾಕು.” ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಗೌಂಡಿಗಳು ಎರಡು ಸಲ ಬಂದು ಹಳೆ ಗಿಲಾವು ಕಿತ್ತು ಹೊಸದಾಗಿ ಬಡಿದು ಹೋದರು. ಎರಡೂ ಸಲ ತಿಂಗಳೊಳಗೆ ನೀರು ಮತ್ತೆ ಮೇಲೆ ಬಂತು. ಮೂರನೇ ಸಲ ನಾನೇ ಸುತ್ತಿಗೆ ಹಿಡಿದೆ. ಮನೆ ಕೆಲಸ ನನಗೆ ಹೊಸದಲ್ಲ. ಎಂಟು ವರ್ಷದ ಹಿಂದೆ ಈ ಒಳಕೋಣೆಗೆ ಹೊಂದಿಕೊಂಡಂತೆ ಹೊಸ ಬಾತ್‌ರೂಮು ಕಟ್ಟಿಸಿದಾಗ ಪೈಪು ಕೂಡಿಸಿದ್ದು, ಟೈಲ್ಸ್ ಕೂಡಿಸಿದ್ದು ಎಲ್ಲಾ ನಾನೇ. ಅದಕ್ಕೆ ಮುಂಚೆ ಒಳಕೋಣೆಯ ಮೂಲೆಯಲ್ಲೇ ಹಳೇ ಬಚ್ಚಲಿತ್ತು. ನಾಲ್ಕು ಅಡಿ ಕಲ್ಲಿನ ಚಪ್ಪಡಿ, ಅದರ ಬದಿಗೆ ನೀರು ಹೋಗುವ ತೂತು. ರೂಪಾ ಹುಟ್ಟಿದಾಗ ಹಂಪಮ್ಮ ಅದೇ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಅರಿಶಿಣ ಹಚ್ಚಿ ಎರೆಯುತ್ತಿದ್ದಳು. ಅದನ್ನು ಮುಚ್ಚುತ್ತೇನೆ ಎಂದಾಗ ಬೇಡವೆಂದು ಅಡ್ಡ ನಿಂತಳು. “ಇರ್ಲಿ ಬಿಡ್ರಿ, ರೂಪಾನ ಬಾಣಂತನಕ್ಕ ಬೇಕಾಗ್ತೈತಿ.” ಈ ಕಾಲದಾಗ ನಿನ್ನ ಬಚ್ಚಲದಾಗ ಯಾರು ಎರಕೊಂತಾರ ಎಂದು ಗದರಿಸಿ, ಅವಳು ಕುರುಗೋಡಿಗೆ ಹೋದ ದಿನ ಕಲ್ಲಿನ ಮೇಲೆ ಕಾಂಕ್ರೀಟು ಹಾಕಿ ಟೈಲ್ಸ್ ಕೂಡಿಸಿಬಿಟ್ಟೆ. ಬಂದು ನೋಡಿದವಳು ಎಂಟು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ನಾನೂ ಮರೆತೆ, ಅವಳೂ ಆ ಸುದ್ದಿ ಎತ್ತಲಿಲ್ಲ.

ನಾನು ಗಿಲಾವು ಇಟ್ಟಿಗೆಯವರೆಗೆ ಕೆತ್ತಿದೆ. ಬಾತ್‌ರೂಮಿನ ಟೈಲ್ಸ್ ಸಂದುಗಳಿಗೆಲ್ಲ ಬಿಳಿ ಸಿಮೆಂಟು ತುಂಬಿದೆ. ಎರಡು ದಿನ ಟ್ಯಾಂಕಿನ ವಾಲು ಬಂದ್ ಮಾಡಿ ಕೊಡದ ನೀರಲ್ಲೇ ಕಾಲ ಹಾಕಿದೆ. ಗೋಡೆ ಒಂದಿಷ್ಟೂ ಆರಲಿಲ್ಲ. ಹಾಗಾದರೆ ಪೈಪಿನದಲ್ಲ, ಬಾತ್‌ರೂಮಿನ ನೆಲದ್ದೇ ಎಂದುಕೊಂಡು ಮತ್ತೆ ತೆಳ್ಳಗೆ ಗಿಲಾವು ಮಾಡಿ ಸುಣ್ಣ ಬಳಿದೆ. ಅದೂ ನಾಲ್ಕೇ ದಿನಕ್ಕೆ ಕಪ್ಪಾಯಿತು. ಕುಬಸಕ್ಕೆ ಹದಿನೈದು ದಿನ ಉಳಿದಿತ್ತು. ಊಟ ಸೇರುತ್ತಿರಲಿಲ್ಲ. ಈ ಸಲ ರೂಪಾ ಬರದೆ ಹೋದರೆ ಇನ್ನು ತವರು ಎಂದು ಯಾವತ್ತೂ ಬರುವುದಿಲ್ಲ ಎನ್ನುವುದು ತಲೆಯಲ್ಲಿ ಕೂತುಬಿಟ್ಟಿತ್ತು. ಗೋಡೆಗೆ ಬೈದೆ. ಒಮ್ಮೆ ಸುತ್ತಿಗೆ ಎಸೆದು ಕಿಟಕಿಯ ಗಾಜು ಒಡೆದೆ.

ಕೊನೆಗೆ ಹೊಳೆದದ್ದು ನನ್ನ ಕಸುಬಿನ ಉಪಾಯ. ಬಾತ್‌ರೂಮಿನ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಬಣ್ಣದ ನೀರು ನಿಲ್ಲಿಸುವುದು. ಎಲ್ಲಿ ಸೋರುತ್ತದೋ ಅಲ್ಲಿ ಬಣ್ಣ ಕಾಣಿಸಿಕೊಳ್ಳಲೇಬೇಕು. ಬಿಳಿ ಗೋಡೆಗೆ ಕೆಂಪು ಚೆನ್ನಾಗಿ ಕಾಣುತ್ತದೆ, ಮನೆಯಲ್ಲಿ ಹಂಪಮ್ಮ ಇಟ್ಟಿದ್ದ ಕುಂಕುಮದ ಡಬ್ಬಿಯೂ ಇತ್ತು. ಆದರೆ ಕುಂಕುಮವನ್ನು ಬಾತ್‌ರೂಮಿಗೆ ಸುರಿಯಲು ಏನೂ ನಂಬದ ನನಗೂ ಕೈ ಬರಲಿಲ್ಲ. ಘಟಕದಿಂದ ನೀಲಿ ಪುಡಿ ತಂದೆ. ಬೆಳಿಗ್ಗೆ ಎಂಟಕ್ಕೆ ಎರಡು ಬಕೆಟ್ಟು ಕಡು ನೀಲಿ ನೀರು ಸುರಿದು, ನೀರು ನಿಂತ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೀಟು ಹಾಕಿ, ಒಳಕೋಣೆಗೆ ಬಂದು ಗೋಡೆ ನೋಡುತ್ತಾ ಕೂತೆ.

ಮಧ್ಯಾಹ್ನ ಎರಡಾಯಿತು. ಕರೆಂಟು ಹೋಗಿತ್ತು, ಫ್ಯಾನಿಲ್ಲ, ಓಣಿಯಲ್ಲಿ ನರಪಿಳ್ಳೆ ಇಲ್ಲ. ಗೋಡೆಯಲ್ಲಿ ಒಂದು ಹನಿ ನೀಲಿ ಕಾಣಲಿಲ್ಲ. ಇದೂ ಹೋಯಿತು ಎನ್ನಿಸಿ, ಹಣೆಯನ್ನು ಆ ಹಸಿ ಗೋಡೆಗೆ ಒತ್ತಿ ಅತ್ತುಬಿಟ್ಟೆ. ನಾಚಿಕೆ ಏನು, ಮನೆಯಲ್ಲಿ ಯಾರೂ ಇರಲಿಲ್ಲ. “ಹಂಪೀ, ನನ್ನ ಕೈಲಿ ಆಗವಲ್ದು. ನೀ ಹೇಳಿದಂಗ ಕೇಳ್ಬೇಕಿತ್ತು. ತಪ್ಪಾತು” ಎಂದೆ. ಯಾವ ತಪ್ಪು ಎಂದು ಆ ಕ್ಷಣ ನನಗೂ ಸ್ಪಷ್ಟವಿರಲಿಲ್ಲ. ನೆಲಕ್ಕೆ ಊರಿದ್ದ ಎಡಗೈ ತಣ್ಣಗಾಯಿತು. ನೋಡಿದರೆ ಬೆರಳೆಲ್ಲ ಹಳದಿ.

ಹಸಿ ಇದ್ದ ಜಾಗದಿಂದ ಅಲ್ಲ, ಅಲ್ಲಿಂದ ಒಂದು ಮಾರು ದೂರ, ಅಲ್ಲಿಯವರೆಗೆ ಒಣಗಿಯೇ ಇದ್ದ ಇನ್ನೊಂದು ಮೂಲೆಯಿಂದ ಬೆರಳಗಲ ನೀರು ಗೋಡೆಗುಂಟ ಇಳಿದು ಟೈಲ್ಸ್ ಮೇಲೆ ನನ್ನ ಕೈಯವರೆಗೆ ಹರಿದು ನಿಂತಿತ್ತು. ಅಪ್ಪಟ ಅರಿಶಿಣದ ಬಣ್ಣ. ಜೇಬಿನಲ್ಲಿದ್ದ ಬಿಳಿ ಮಾದರಿ ಬಟ್ಟೆಯಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದೆ. ಹಳದಿಯೇ. ಬಾತ್‌ರೂಮಿಗೆ ಓಡಿದೆ. ನೀಲಿ ನೀರು ಗೀಟಿನ ಮಟ್ಟಕ್ಕೇ ನಿಂತಿತ್ತು, ಒಂದು ಹನಿ ಇಳಿದಿರಲಿಲ್ಲ. ವಾಪಸು ಬರುವಷ್ಟರಲ್ಲಿ ಮೂಲೆಯ ನೀರು ನಿಂತುಹೋಗಿತ್ತು. ಗೋಡೆಯ ಮೇಲೆ ಹಳದಿ ಗೆರೆ ಹಾಗೇ ಇತ್ತು.

ಸುತ್ತಿಗೆ, ಉಳಿ ತಂದು ಅಲ್ಲೇ ನೆಲ ಒಡೆದೆ. ಅದು ಹಳೇ ಬಚ್ಚಲಿನ ಜಾಗ ಎನ್ನುವುದು ನಾಲ್ಕು ಟೈಲ್ಸ್ ಎದ್ದ ಮೇಲೆ, ಆ ಕಲ್ಲು ಕಂಡ ಮೇಲೆ ನೆನಪಾಯಿತು. ಕಲ್ಲಿನ ಬದಿಯ ತೂತಿನ ಮೇಲೆಯೇ ನಾನು ಹೊಸ ಪೈಪು ದಾಟಿಸಿದ್ದೆ. ಅಲ್ಲಿ ಪೈಪು ತಿರುಗುವ ಕಡೆ ಸಣ್ಣ ಸೀಳು. ಹನಿ ಹನಿಯಾಗಿ ಎಷ್ಟು ತಿಂಗಳಿಂದ ಸೋರಿತ್ತೋ, ತೂತಿನ ಕೆಳಗೆ ಮುಚ್ಚಿಹೋಗಿದ್ದ ಹಳೇ ಗುಂಡಿ ತುಂಬಿ, ಗೋಡೆ ಅದನ್ನೇ ಹೀರುತ್ತಿತ್ತು. ಎರಡು ದಿನ ವಾಲು ಬಂದ್ ಮಾಡಿದರೆ ಆರುವ ನೀರೇ ಅಲ್ಲ ಅದು. ಗುಂಡಿಯಲ್ಲಿದ್ದ ನೀರನ್ನು ಗಾಜಿನ ಲೋಟದಲ್ಲಿ ಎತ್ತಿ ನೋಡಿದೆ. ನೀಲಿಯೂ ಅಲ್ಲ, ಹಳದಿಯೂ ಅಲ್ಲ. ತಿಳಿ ನೀರು.

ನನ್ನ ಕಸುಬಿನವರು ಇದನ್ನು ಓದಿದರೆ ತಕ್ಷಣ ಹೇಳುತ್ತಾರೆ, ಕೆಲವು ನೀಲಿ ಬಣ್ಣ ತೊಟ್ಟಿಯೊಳಗೆ ಹಳದಿಯಾಗಿಯೇ ಇರುತ್ತದೆ, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ ಎಂದು. ನನಗೆ ಗೊತ್ತಿಲ್ಲವೇ? ನಾನು ತಂದದ್ದು ಆ ಬಗೆಯ ಪುಡಿಯಲ್ಲ. ಅದೇ ಎಂದು ಇಟ್ಟುಕೊಂಡರೂ ಕಣ್ಣೆದುರಿಗೇ ತಿರುಗಬೇಕು, ಇದು ಸಂಜೆಯವರೆಗೂ ತಿರುಗಲಿಲ್ಲ. ಅರಿಶಿಣವೇ ಎನ್ನೋಣವೆಂದರೆ, ಸುಣ್ಣ ತಾಗಿದ ಅರಿಶಿಣ ಕೆಂಪಾಗುತ್ತದೆ, ಆರತಿ ನೀರು ಕಲಸುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನಾನು ಸುಣ್ಣ ಬಳಿದ ಗೋಡೆಯ ಮೇಲೆ ಅದು ಕೆಂಪಾಗಲಿಲ್ಲ.

ಪೈಪು ಬದಲಾಯಿಸಿ, ಗುಂಡಿಯ ನೀರೆಲ್ಲ ಎತ್ತಿ ಹಾಕಿ, ಮಾರನೇ ದಿನವೇ ಸಿರುಗುಪ್ಪದ ಬಸ್ಸು ಹತ್ತಿದೆ. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿದ್ದೆ. ಬೀಗರ ಮನೆಯ ಪಡಸಾಲೆಯಲ್ಲಿ ಕೂತು, ಸೋರುವ ಜಾಗ ಸಿಕ್ಕಿತು, ಹೆರಿಗೆ ಹೊತ್ತಿಗೆ ಗೋಡೆ ಆರುತ್ತದೆ ಎಂದೆ. ಬೀಗತಿಗೆ ನಂಬಿಕೆ ಬರಲಿಲ್ಲ, ಇದೇ ಮಾತು ಈ ಮುಂಚೆಯೂ ಹೇಳಿದ್ದೆನಲ್ಲ. ಆಗ ತಡೆಯದೆ ಎಲ್ಲವನ್ನೂ ಹೇಳಿಬಿಟ್ಟೆ, ಹಳದಿ ನೀರು, ಹಳೇ ಬಚ್ಚಲು, ಎಲ್ಲ. ಬೇಕಾದರೆ ನೋಡ್ರಿ ಎಂದು ಬಟ್ಟೆ ಬಿಚ್ಚಿ ಹಿಡಿದೆ. ಬೀಗತಿ ಬಟ್ಟೆ ನೋಡಿದರು, ನನ್ನ ಮುಖ ನೋಡಿದರು.

“ಇದು ನೀಲಿ ಐತಲ್ರಿ ಬೀಗರ.”

ನೀಲಿಯೇ ಇತ್ತು. ಬಸ್ಸು ಹತ್ತುವ ಮುಂಚೆ ನೋಡಿದಾಗಲೂ ಹಳದಿ ಇದ್ದ ಬಟ್ಟೆ, ಈಗ ಕಡು ನೀಲಿ. ನನ್ನ ಕೈಗೆ ಅಂಟಿದ್ದ ಪುಡಿಯೇ ತಾಗಿತೋ ಏನೋ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಂಡತಿ ಸತ್ತ ಮೇಲೆ ಮುದುಕನಿಗೆ ತಲೆ ಕೆಟ್ಟಿದೆ, ಇಂಥವನ ಮನೆಗೆ ತುಂಬಿದ ಬಸುರಿಯನ್ನು ಯಾರು ಕಳಿಸುತ್ತಾರೆ ಎಂದೇ ಅಂದುಕೊಂಡಿರಬೇಕು ಅವರು. ಮಡಚಿ ಜೇಬಿಗೆ ಹಾಕಿಕೊಳ್ಳಲು ಹೋದೆ. ಬಾಗಿಲ ಹತ್ತಿರ ನಿಂತಿದ್ದ ರೂಪಾ ಬಂದು ಕೈಯಿಂದ ತೆಗೆದುಕೊಂಡಳು. ಯಾಕೋ ಮೂಗಿಗೆ ಹಿಡಿದಳು. ಹಿಡಿದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಅಪ್ಪ, ಇದು ಅವ್ವನ ವಾಸನಿ. ಎರಿಯಾಕ ಕುಂತಾಗ ಹಿಂಗ ಬರ್ತಿತ್ತು.” ಅತ್ತೆಯ ಕಡೆ ತಿರುಗಿ, “ಅತ್ತಿ, ನಾ ಹೋಕ್ಕೀನಿ” ಎಂದಳು. ಬೀಗತಿ ಬಟ್ಟೆಯನ್ನು ತಾವೂ ಮೂಸಿ ನೋಡಿದರು. ಅವರಿಗೆ ವಾಸನೆ ಬಂತೋ ಇಲ್ಲವೋ, ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆಗಲಿ ಎಂದು ಒಳಗೆ ಹೋದರು.

ರೂಪಾ ಬಂದಳು. ಗೋಡೆ ಆರಿತು. ಆ ಕಲ್ಲಿನ ಮೇಲೆ ನಾನು ಮತ್ತೆ ಟೈಲ್ಸ್ ಹಾಕಲಿಲ್ಲ, ಬಚ್ಚಲನ್ನು ಇದ್ದಂತೆಯೇ ಮಾಡಿಕೊಟ್ಟೆ. ನಾಗಮ್ಮ ಅದರ ಮೇಲೆ ಕಾಲು ಚಾಚಿ ಕೂತು ಮೊಮ್ಮಗಳಿಗೆ ಎರೆದರು. ಈಗ ಆ ಹುಡುಗಿ ಬಂದಾಗಲೆಲ್ಲ ಅದೇ ಕಲ್ಲಿನ ಮೇಲೆ ನೀರಾಡಿ ಬೈಸಿಕೊಳ್ಳುತ್ತಾಳೆ.

ಮಗಳು ಅವತ್ತು ನನ್ನ ಮಾನ ಉಳಿಸಲು ಸುಳ್ಳು ಹೇಳಿದಳೇ ಎಂದು ಎಷ್ಟೋ ಸಲ ಅನ್ನಿಸಿದೆ. ಒಮ್ಮೆ ಕೇಳಿಯೂ ಬಿಟ್ಟೆ. ಅವ್ವನ ವಾಸನಿ ವಿಷಯದಾಗ ಸುಳ್ಳು ಹೇಳ್ತೀನೇನಪ್ಪ ಎಂದು ರೇಗಿ ಎರಡು ದಿನ ಮಾತು ಬಿಟ್ಟಳು, ಥೇಟು ತಾಯಿಯ ಹಾಗೆ. ಬಟ್ಟೆ ಟ್ರಂಕಿನಲ್ಲಿದೆ. ಬಂದಾಗೊಮ್ಮೆ ತೆಗೆದು ಮೂಸಿ, ಇನ್ನೂ ಐತಿ ಎನ್ನುತ್ತಾಳೆ. ಅವಳು ಸಿರುಗುಪ್ಪಕ್ಕೆ ಹೋದ ಮೇಲೆ ನಾನೂ ಬಾಗಿಲು ಹಾಕಿಕೊಂಡು ಅದನ್ನು ಮೂಗಿಗೆ ಒತ್ತಿ ಹಿಡಿಯುತ್ತೇನೆ, ಉಸಿರು ಕಟ್ಟುವವರೆಗೆ. ನನಗೆ ಏನೂ ಬರುವುದಿಲ್ಲ.