ಹದಿನೈದು ಎಣಿಸಿದ ಅಂಗೈ

ಕಾರು ಓಟದ ಟ್ರ್ಯಾಕಿನ ಬೆನ್ನಿಗೆ ಸಾಲಾಗಿ ಹನ್ನೊಂದು ಶೆಡ್ಡುಗಳಿದ್ದವು. ಏಳನೆಯದರಲ್ಲಿ ಅಂಗೈ ಮೇಸ್ತ್ರಿಯ ಸಂಸಾರ. ಸಂಸಾರವೆಂದರೆ ಹೆಂಡತಿ ಮಕ್ಕಳಲ್ಲ, ಟೈರುಗಳು. ಹೆಂಡತಿ ಮನೆಯಲ್ಲಿದ್ದಳು. "ನಾನು ಎರಡನೆಯವಳು, ಮೊದಲನೆಯವಳು ಕಪ್ಪಗೆ ದುಂಡಗೆ ಶೆಡ್ಡಲ್ಲಿ ಬಿದ್ದಿರ್ತಾಳೆ" ಎಂದು ಅವಳೇ ನೆಂಟರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಮೇಸ್ತ್ರಿ ಯಾವ ಶಾಲೆಯಲ್ಲೂ ಕಲಿತವನಲ್ಲ. ಮೂವತ್ತೊಂದು ವರ್ಷ ಟೈರು ಕಳಚಿ, ಟೈರು ತೊಡಿಸಿ, ಕೈಗೆ ಬಂದ ವಿದ್ಯೆ. ಓಡಿ ಬಂದ ಟೈರಿನ ಮೇಲೆ ಅಂಗೈ ಸವರಿದನೆಂದರೆ ಸಾಕು, ಓಡಿಸಿದವನ ಜಾತಕವನ್ನೇ ಹೇಳಿಬಿಡುತ್ತಿದ್ದ. "ಈ ಕಡೆ ಸವರಿದ್ರೆ ಬೆಕ್ಕಿನ ಬೆನ್ನು, ಆ ಕಡೆ ಸವರಿದ್ರೆ ಬೆಕ್ಕಿನ ನಾಲಿಗೆ. ನೀನು ಗಾಡಿ ತಿರುಗಿಸ್ತಿಲ್ಲ ಕಣಯ್ಯ, ಕಿವಿ ಹಿಡಿದು ಎಳೀತಿದೀಯ." ಓಡಿಸಿದವನು ತಲೆ ತಗ್ಗಿಸುತ್ತಿದ್ದ.

ಎಲ್ಲಕ್ಕಿಂತ ದೊಡ್ಡದು ಬಿಸಿಯ ಲೆಕ್ಕ. ಗಾಳಿ ಕಾದರೆ ಉಬ್ಬುತ್ತದೆ. ಓಟದ ಕಾವಿನಲ್ಲಿ ಗಾಳಿಯ ಒತ್ತಡ ಅಳೆಯುವ ಗೇಜು ಮೂವತ್ಮೂರು ತೋರಿಸಿದರೆ ಆ ಗಾಡಿಗೆ ಹದ. ಅದಕ್ಕೆ ತಣ್ಣಗಿರುವಾಗ ಇಪ್ಪತ್ತೇಳಕ್ಕೆ ಇಡಬೇಕು, ಉಳಿದ ಆರನ್ನು ಕಾವೇ ತುಂಬುತ್ತದೆ. ಹೆಚ್ಚಾಯಿತೋ, ಟೈರು ಉಂಡವನ ಹೊಟ್ಟೆಯ ಹಾಗೆ ಉಬ್ಬಿ ನಡುವಿನಲ್ಲಷ್ಟೇ ನೆಲ ಮುಟ್ಟುತ್ತದೆ, ಹಿಡಿತ ಹೋಗುತ್ತದೆ. ಕಡಿಮೆಯಾಯಿತೋ, ತಿರುವಿನಲ್ಲಿ ಮಡಚಿಕೊಂಡು ಅಂಚಿನ ಮೇಲೆ ಓಡುತ್ತದೆ, ಅಂಚು ತಿಂದುಹೋಗುತ್ತದೆ. ಕೆಲವೊಮ್ಮೆ ಒಡೆಯುತ್ತದೆ. ಹಾಗಾಗಿ ಗೇಜಿನ ಅಂಕಿ ಅರ್ಧ ಮಾತು. ಟೈರು ಬಿಸಿಯೋ ತಣ್ಣಗೋ ಎನ್ನುವುದು ಉಳಿದರ್ಧ.

ಆ ಉಳಿದರ್ಧಕ್ಕೆ ಉಳಿದ ಹತ್ತು ಶೆಡ್ಡುಗಳಲ್ಲಿ ಸೂಜಿಯ ಮೀಟರು ಇತ್ತು. ರಬ್ಬರಿಗೆ ಚುಚ್ಚಿದರೆ ಕಾವು ಇಷ್ಟೇ ಎಂದು ತೋರಿಸುವಂಥದ್ದು. ಏಳನೆಯದರಲ್ಲಿ ಅಂಗೈ ಇತ್ತು. ಟೈರಿನ ಮೇಲೆ ಕೈ ಊರಿ ಎಣಿಸುವುದು. ಐದಕ್ಕೇ ಕೈ ಕೀಳುವಂತಾದರೆ ಬಿಸಿ. ಹತ್ತಾದರೂ ತಡೆದರೆ ತಣ್ಣಗೆ. ಗಾಡಿಯ ಯಜಮಾನರು ಒಂದು ಮೀಟರು ಕೊಂಡು ತಂದುಕೊಟ್ಟಿದ್ದರು. ಮೇಸ್ತ್ರಿ ಅದನ್ನು ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ, ಹರಿದ ಕೈಗವಸುಗಳ ಅಡಿ ಮಲಗಿಸಿದ್ದ. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎನ್ನುತ್ತಿದ್ದ.

ಆ ವರ್ಷ ಮಾತ್ರ ಮನೆಯಲ್ಲೊಂದು ಪ್ರಸಂಗ ನಡೆದಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಹೆಂಡತಿ ಬಟ್ಟೆ ಹುಡುಕುವಷ್ಟರಲ್ಲಿ ಮೇಸ್ತ್ರಿ ಬರಿಗೈಯಲ್ಲಿ ಪಾತ್ರೆ ಎತ್ತಿ ಕೆಳಗಿಟ್ಟ. ಹೆಂಡತಿ ಬೆಚ್ಚಿಬಿದ್ದಳು.

"ರೀ, ಅದು ಕೈಯೋ ಇಕ್ಕಳವೋ?"

"ಕೆಲಸ ಮಾಡಿದ ಕೈ ಕಣೇ. ನಿನ್ನ ತಮ್ಮನ ಹಾಗೆ ಬೆಣ್ಣೆ ಕೈ ಅಲ್ಲ."

"ಬೆಣ್ಣೆಯಾದ್ರೂ ಕರಗುತ್ತೆ. ನಿಮ್ಮದಕ್ಕೆ ಉರಿ ಅನ್ನೋದೇ ಗೊತ್ತಾಗಲ್ವಲ್ರೀ! ಡಾಕ್ಟರು ಸಕ್ಕರೆ ಕಾಯಿಲೆ ಅಂದಾಗ್ಲೇ ಹೇಳಿದ್ರು, ಕೈಕಾಲು ಜೋಮು ಹಿಡಿದ್ರೆ ಬಂದು ತೋರಿಸಿ ಅಂತ."

"ಓಟ ಮುಗೀಲಿ, ತೋರಿಸೋಣ."

ಅಂಗಿಯ ಗುಂಡಿ ಹಾಕಿಕೊಳ್ಳಲು ಈಗೀಗ ಕಣ್ಣು ಬೇಕಾಗುತ್ತಿತ್ತು. ಚಿಲ್ಲರೆ ಜೇಬಿನಲ್ಲಿದೆಯೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ. ಇದನ್ನೆಲ್ಲ ಮೇಸ್ತ್ರಿ ಬಲ್ಲ. ಬಲ್ಲೆನೆಂದು ತನಗೇ ಹೇಳಿಕೊಳ್ಳಲಿಲ್ಲ, ಅಷ್ಟೆ. ಹೇಳಿಕೊಂಡರೆ ಶೆಡ್ಡಿನಲ್ಲಿ ಉಳಿಯುವುದೇನು?

ಓಟ ಎಂದದ್ದು ಮಗಳ ಓಟ. ವಾರವಿಡೀ ಡ್ರೈವಿಂಗ್ ಶಾಲೆಯಲ್ಲಿ ಕುಳಿತು ಹೆದರುಪುಕ್ಕಲರಿಗೆ ಕ್ಲಚ್ಚು ಬಿಡುವುದನ್ನು ಕಲಿಸುತ್ತಿದ್ದ ಹುಡುಗಿ ಅವಳು. ರಜೆಯ ದಿನ ಯಜಮಾನರ ಕೆಂಪು ಗಾಡಿಯಲ್ಲಿ ಕುಳಿತರೆ ಬೇರೆಯೇ ಪ್ರಾಣಿ. ಅಪ್ಪ ಹೇಳಿಕೊಟ್ಟದ್ದಷ್ಟೇ ಅವಳ ವಿದ್ಯೆ. ಮೊದಲ ಎರಡು ಸುತ್ತು ಟೈರನ್ನು ಎಬ್ಬಿಸು, ಒದ್ದು ಎಬ್ಬಿಸಬೇಡ. ಬ್ರೇಕನ್ನೂ ಸ್ಟಿಯರಿಂಗನ್ನೂ ಒಟ್ಟಿಗೆ ಕೇಳಬೇಡ, ಟೈರಿಗೆ ಇರುವುದು ಒಂದೇ ರೊಟ್ಟಿ, ಇಬ್ಬರಿಗೂ ಹಂಚು. ಪೈಪೋಟಿಯಲ್ಲಿರುವಾಗ ಗೋಡೆಯ ಕಡೆ ನೋಡಬೇಡ, ಗೋಡೆಯ ಹತ್ತಿರ ನಿಂತವರಿಗೆ ಬಾಯಿ ಇರುತ್ತದೆ, ಚಕ್ರ ಇರುವುದಿಲ್ಲ.

ಯಜಮಾನರು ಮಾತನ್ನು ಎರಡಾಗಿ ಸೀಳಿ ಹೇಳಿದ್ದರು. "ಮೇಸ್ತ್ರಿ, ಮೊದಲ ಐದರಲ್ಲಿ ಬಂದ್ರೆ ಬರೋ ವರ್ಷಾನೂ ಗಾಡಿ ನಿಮ್ಮ ಮಗಳಿಗೇ. ಇಲ್ಲಾಂದ್ರೆ ನನ್ನ ತಂಗಿ ಮಗ ಕಾಯ್ತಿದಾನೆ. ಆಮೇಲೆ ಮುಖ ಸಣ್ಣ ಮಾಡ್ಕೋಬೇಡಿ."

ಓಟ ಎರಡು ಭಾಗ. ಮೊದಲು ಹತ್ತು ಸುತ್ತು, ನಡುವೆ ಹತ್ತು ನಿಮಿಷ ಬಿಡುವು, ಆಮೇಲೆ ಹನ್ನೆರಡು ಸುತ್ತು. ಮೊದಲನೆಯದರಲ್ಲಿ ಬಂದ ಸ್ಥಾನದಿಂದ ಎರಡನೆಯದರ ಸಾಲು, ಕೊನೆಯ ಲೆಕ್ಕ ಎರಡನೆಯದರದ್ದೇ. ಎರಡಕ್ಕೂ ಅವೇ ನಾಲ್ಕು ಟೈರು, ಬದಲಿಸುವಂತಿಲ್ಲ. ಗಾಡಿಯೊಳಕ್ಕೆ ರೇಡಿಯೊ ಕೂಡ ಇಲ್ಲ. ಗೋಡೆಯ ಮೇಲಿಂದ ಹಲಗೆ ತೋರಿಸಬೇಕು, ಓಡಿಸುವವರು ನೋಡಬೇಕು.

ಮೊದಲ ಭಾಗದಲ್ಲಿ ಮಗಳು ಮೂರನೆಯವಳಾಗಿ ಬಂದಳು. ಕೊನೆಯ ಮೂರು ಸುತ್ತು ಓಟವೇ ನಡೆಯಲಿಲ್ಲ. ಯಾವನೋ ಮರಳಿಗೆ ನುಗ್ಗಿದ್ದರಿಂದ ಹಳದಿ ದೀಪದ ಗಾಡಿ ಮುಂದೆ ಬಂದು ಎಲ್ಲರನ್ನೂ ಮೆರವಣಿಗೆಯ ಹಾಗೆ ನಡೆಸಿತು. ಗಾಡಿ ಶೆಡ್ಡಿಗೆ ಬಂತು. ಮಗಳು ಹೆಲ್ಮೆಟ್ಟು ತೆಗೆಯದೆಯೇ ಹೆಬ್ಬೆರಳು ಎತ್ತಿದಳು. ಮೇಸ್ತ್ರಿ ಮಂಡಿಯೂರಿ ಎಡ ಮುಂದಿನ ಟೈರಿಗೆ ಬಲಗೈ ಊರಿದ.

ಒಂದು, ಎರಡು, ಮೂರು. ಐದು ಬಂತು, ಹೋಯಿತು. ಹತ್ತಾಯಿತು. ನೆಲದ ಹಾಸುಗಲ್ಲು ಮುಟ್ಟಿದ ಹಾಗಿತ್ತು. ಅನುಮಾನಕ್ಕೆ ಇನ್ನೂ ಒತ್ತಿ ಹಿಡಿದು ಹದಿನೈದರವರೆಗೆ ಎಣಿಸಿದ.

"ತಣ್ಣಗಾಗಿಬಿಟ್ಟಿದೆ. ಮೂರು ಸುತ್ತು ತೆವಳಿದ್ದಲ್ವಾ."

ಎದುರು ಬದಿಯಲ್ಲಿ ಗೇಜು ಹಿಡಿದಿದ್ದ ಭಾವಮೈದುನ, ಅದೇ ಬೆಣ್ಣೆ ಕೈಯವನು, ಹುಬ್ಬೇರಿಸಿದ. "ಗೇಜು ಮೂವತ್ಮೂರು ಅಂತಿದೆ ಭಾವ. ಬಿಸಿ ಇದ್ರೆ ಸರಿಯಾಗೇ ಇದೆಯಲ್ಲ?"

"ತಣ್ಣಗಿದೆ ಅಂದ್ನಲ್ಲೋ. ತಣ್ಣಗೇ ಮೂವತ್ಮೂರು ಅಂದ್ರೆ ಓಡಿದಾಗ ನಲವತ್ತರ ಹತ್ತಿರ. ಬೆಳಗ್ಗೆ ಗಾಳಿ ಹಾಕಿದ್ದು ಯಾರು?"

"ನಾನೇ."

"ಅದಕ್ಕೇ ಮತ್ತೆ! ಬೆಲೂನಿಗೆ ಊದಿದ ಹಾಗೆ ಊದಿದೀಯ."

"ಇಪ್ಪತ್ತೇಳೇ ಹಾಕಿದ್ದು ಭಾವ, ಅಕ್ಕನ ಆಣೆಗೂ. ಒಂದ್ಸಲ ಸೂಜಿ ಚುಚ್ಚಿ ನೋಡೋಣ್ವಾ? ಆ ಮೀಟರು ಎಲ್ಲಿಟ್ಟಿದೀರಿ?"

"ಚುಚ್ಚಿ ಜ್ವರ ನೋಡೋಕೆ ಅದೇನು ನಿನ್ನ ಅತ್ತೆಯಾ? ಮೂವತ್ತೊಂದು ವರ್ಷದ ಕೈ ಹೇಳ್ತಿದೆ. ಬಿಡು ಗಾಳಿ."

ಭಾವಮೈದುನ ಅಕ್ಕನ ಗಂಡನ ಮುಖ ನೋಡಿ ಗಾಳಿ ಬಿಡಲು ಬಗ್ಗಿದ. ನಾಲ್ಕೂ ಟೈರುಗಳಿಂದ ಬುಸ್ಸೆಂದು ಗಾಳಿ ಹೊರಬಂತು. ಎಲ್ಲವೂ ಇಪ್ಪತ್ತೇಳು. ಸೀಟಿ ಊದಿದರು. ಕೆಂಪು ಗಾಡಿ ಸಾಲಿಗೆ ಹೋಯಿತು.

ಮೇಸ್ತ್ರಿ ಹಲಗೆ ಎತ್ತಿಕೊಂಡು ಗೋಡೆಯ ಹತ್ತಿರ ಬಂದ. ಅಂಕಿ ಬರೆಯಲು ಸೀಮೆಸುಣ್ಣದ ಕಡ್ಡಿ ತೆಗೆದರೆ ಅದು ಒದ್ದೆಯಾಯಿತು. ಏನಿದು ಎಂದು ಅಂಗೈ ತಿರುಗಿಸಿ ನೋಡಿದ. ಬೆರಳುಗಳ ಬುಡದಿಂದ ಮಣಿಕಟ್ಟಿನವರೆಗೆ ಚರ್ಮ ಬೆಳ್ಳಗೆ ಎದ್ದು ಬೊಕ್ಕೆಯಾಗಿತ್ತು. ಒಂದು ಬೊಕ್ಕೆ ಒಡೆದು ನೀರು ಇಳಿಯುತ್ತಿತ್ತು. ಅಂಚಿಗೆ ರಬ್ಬರಿನ ಕಪ್ಪು ಚೂರುಗಳು ಅಂಟಿಕೊಂಡಿದ್ದವು. ನೋವಿರಲಿಲ್ಲ. ಬೇರೆ ಯಾರದೋ ಕೈ ನೋಡಿದ ಹಾಗಿತ್ತು.

ಟೈರು ಬಿಸಿಯಾಗಿತ್ತು. ಮೂವತ್ಮೂರು ಸರಿಯಾಗಿಯೇ ಇತ್ತು. ಕಾದ ಟೈರಿನಿಂದ ಆರು ಅಂಕಿ ಗಾಳಿ ಕಿತ್ತು ಮಗಳನ್ನು ಕಳಿಸಿದ್ದ.

ಹಸಿರು ದೀಪ ಹತ್ತಿತು. ಇಪ್ಪತ್ತು ಗಾಡಿಗಳ ಸದ್ದಿಗೆ ಗೋಡೆ ನಡುಗಿತು.

"ಲೋ" ಎಂದು ಮೇಸ್ತ್ರಿ ಕೂಗಿದ. ಭಾವಮೈದುನ ಬಂದು ಕೈ ನೋಡಿದ.

"ಭಾವ... ಉರೀಲೇ ಇಲ್ವಾ?"

"ಇಲ್ಲ ಕಣೋ."

ಭಾವಮೈದುನ ಚೇಷ್ಟೆಗೆ ಹೆಸರಾದವನು. ಈಗ ಚೇಷ್ಟೆ ಬಿಟ್ಟು ಹಲಗೆ ಒರೆಸಿ ಕೊಟ್ಟ.

ಹಲಗೆಯ ಮೇಲೆ 'ಒಳಗೆ ಬಾ' ಎನ್ನುವ ದೊಡ್ಡ ಬಾಣ ಬರೆದು ಇಬ್ಬರೂ ಎತ್ತಿ ಹಿಡಿದರು. ಮೊದಲ ಸುತ್ತು ಮುಗಿಸಿ ಕೆಂಪು ಗಾಡಿ ಮೂರನೆಯದಾಗಿ ಬಂತು. ಮುಂದಿನ ಗಾಡಿಯ ಬಾಲಕ್ಕೆ ಮೂಗು ತಾಗಿಸಿಕೊಂಡಿತ್ತು. ಹೆಲ್ಮೆಟ್ಟು ಗೋಡೆಯ ಕಡೆ ತಿರುಗಲಿಲ್ಲ. ಎರಡನೇ ಸುತ್ತಿಗೂ ತಿರುಗಲಿಲ್ಲ. ಮೇಸ್ತ್ರಿ ಗೋಡೆಯ ಮೇಲೆ ಹೊಟ್ಟೆ ಊರಿ ಹಲಗೆಯನ್ನು ಅಲ್ಲಾಡಿಸಿದ.

"ನೋಡೇ... ಒಂದ್ಸಲ ನೋಡೇ ತಾಯಿ!"

"ನೋಡಲ್ಲ ಭಾವ. ನೋಡಬೇಡ ಅಂತ ಕಲಿಸಿದ್ದು ನೀವೇ ಅಲ್ವಾ" ಎಂದ ಭಾವಮೈದುನ. ಚುಚ್ಚಲು ಹೇಳಿದ್ದಲ್ಲ, ಬಾಯಿಗೆ ಬಂದದ್ದು ಬಂತು.

ಮೂರನೇ ಸುತ್ತಿನಲ್ಲಿ ಮೊದಲ ಬಲ ತಿರುವಿಗೆ ಬಿದ್ದಾಗ ಎಡ ಮುಂದಿನ ಟೈರು ಮಡಚಿದ್ದನ್ನು ಮೇಸ್ತ್ರಿ ಕಣ್ಣಾರೆ ಕಂಡ. ಕಾಲು ಉಳುಕಿದವನು ಹೆಜ್ಜೆ ಇಟ್ಟ ಹಾಗೆ ಟೈರು ಪಕ್ಕಕ್ಕೆ ಹೊರಳಿತು. ಆ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಹೆಚ್ಚು. ಪ್ರತಿ ಸಲವೂ ಗಾಡಿಯ ಭಾರವೆಲ್ಲ ಬೀಳುವುದು ಅದೊಂದರ ಮೇಲೆಯೇ. ಹಿಂಬದಿಯ ಉದ್ದನೆಯ ದಾರಿಯಲ್ಲಿ, ವೇಗ ಹೆಚ್ಚಿದ್ದಲ್ಲಿ, ಅದು ಒಡೆದರೆ?

ಗೋಡೆಯ ತುದಿಯಲ್ಲಿ ಬಾವುಟಗಳ ಕಟ್ಟು ಹಿಡಿದು ಒಬ್ಬ ಅಧಿಕಾರಿಣಿ ನಿಂತಿದ್ದಳು. ಮೇಸ್ತ್ರಿ ಅಲ್ಲಿಗೆ ಓಡಿದ.

"ಮೇಡಂ, ಆ ಕೆಂಪು ಗಾಡೀನ ಒಳಗೆ ಕರೀರಿ. ಟೈರು ಸರಿಯಿಲ್ಲ."

"ಹೊಗೆ ಬರ್ತಿದೆಯಾ?"

"ಇಲ್ಲ."

"ಎಣ್ಣೆ ಸೋರ್ತಿದೆಯಾ? ಏನಾದ್ರೂ ಕಳಚಿ ನೇತಾಡ್ತಿದೆಯಾ?"

"ಇಲ್ಲ ಮೇಡಂ. ಗಾಳಿ ಕಮ್ಮಿ. ನಾನೇ ಬಿಟ್ಟಿದ್ದು. ನನ್ನ ಕೈ ಸತ್ತಿದೆ, ಬಿಸಿ ತಿಳೀಲಿಲ್ಲ." ಅಂಗೈ ಎತ್ತಿ ತೋರಿಸಿದ. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ಮೊದಲು ಕೇಳಿಸಿಕೊಂಡದ್ದು ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸು.

ಅವಳು ಕೈ ನೋಡಿ ಮುಖ ಹಿಂಡಿದಳು. ಕಲ್ಲು ಮನಸ್ಸಿನವಳಲ್ಲ. "ಅಯ್ಯೋ, ಮೊದಲು ಹೋಗಿ ತಣ್ಣೀರಲ್ಲಿ ಇಡಿ. ನೋಡಿ ಮೇಸ್ತ್ರಿ, ಗಾಡಿಯಲ್ಲಿ ಕಣ್ಣಿಗೆ ಕಾಣೋ ದೋಷ ಇದ್ರೆ ಬಾವುಟ ಇದೆ. ಅಪ್ಪನ ಎದೆ ಹೊಡ್ಕೊಳ್ಳೋದಕ್ಕೆ ಯಾವ ಬಾವುಟಾನೂ ಕೊಟ್ಟಿಲ್ಲ ನಂಗೆ. ಕಂಡ ತಕ್ಷಣ ತೋರಿಸ್ತೀನಿ."

ಕಂಡ ತಕ್ಷಣ! ಕಾಣುವ ಹೊತ್ತಿಗೆ ಅದು ಒಡೆದಿರುತ್ತದೆ.

ಮೇಸ್ತ್ರಿ ಮರಳಿ ಬಂದು ಹಲಗೆ ಹಿಡಿದ. ಮಾಡಲು ಬೇರೆ ಏನೂ ಇರಲಿಲ್ಲ. ನಾಲ್ಕನೇ ಸುತ್ತು, ಐದನೇ ಸುತ್ತು. ಕೆಂಪು ಗಾಡಿ ಕಣ್ಮರೆಯಾದಾಗಲೆಲ್ಲ ಉಸಿರು ನಿಲ್ಲುತ್ತಿತ್ತು. ಮರದ ಸಾಲಿನಾಚೆಯಿಂದ ಸದ್ದು ತಿರುಗಿ ಕೇಳಿದರೆ ಉಸಿರು ಬರುತ್ತಿತ್ತು. ಆರನೇ ಸುತ್ತಿಗೆ ಗಾಡಿ ನಾಲ್ಕನೆಯದಾಗಿ ಬಂತು. ತಿರುವಿಗೆ ಮೊದಲಿಗಿಂತ ಬೇಗ ಬ್ರೇಕು ಹಿಡಿಯಿತು. ಗಾಡಿ ತಿರುಗಿಸಿದರೂ ತಿರುಗದೆ ಹೊರಕ್ಕೆ ಜಾರುತ್ತಿತ್ತು. ಮಗಳಿಗೆ ಗೊತ್ತಾಗಿತ್ತು. ಟೈರು ಹೇಳಿದ್ದು ಅವಳಿಗೆ ಕೇಳಿಸಿತ್ತು. ಕೇಳಿಸಿಕೊಳ್ಳುವುದನ್ನು ಕಲಿಸಿದವನು ಅಪ್ಪನೇ.

ಅಲ್ಲಿಂದ ಅವಳು ಓಡಿಸಲಿಲ್ಲ, ಸಂಭಾಳಿಸಿದಳು. ಬಲ ತಿರುವುಗಳಲ್ಲಿ ತುಂಬಿದ ಕೊಡ ಹೊತ್ತವಳ ಹಾಗೆ ಹೋದಳು. ಐದನೆಯವಳಾದಳು. ಆರಾಯಿತು. ಹಿಂದಿನವರು ಒಬ್ಬೊಬ್ಬರೇ ಪಕ್ಕದಿಂದ ನುಗ್ಗಿ ಹೋದರು. ಮೇಸ್ತ್ರಿಗೆ ಎರಡು ಆಸೆಗಳು ಒಂದನ್ನೊಂದು ಕಚ್ಚಾಡುತ್ತಿದ್ದವು. ಇನ್ನೂ ನಿಧಾನ ಹೋಗಲಿ, ಪ್ರಾಣ ಉಳಿಯಲಿ. ಇನ್ನು ಒಂದು ಗಾಡಿಯನ್ನೂ ಮುಂದೆ ಬಿಡದಿರಲಿ. ಯಾವುದನ್ನು ಬೇಡಿಕೊಂಡರೂ ಇನ್ನೊಂದಕ್ಕೆ ದ್ರೋಹ.

ಹನ್ನೆರಡು ಮುಗಿಯಿತು. ಒಂಬತ್ತನೆಯವಳು.

ಗಾಡಿ ಶೆಡ್ಡಿಗೆ ಬಂದು ನಿಂತಾಗ ಎಡ ಮುಂದಿನ ಟೈರಿನ ಹೊರ ಅಂಚು ಇಲಿ ಕಡಿದ ಹಾಗೆ ಕಿತ್ತುಹೋಗಿ ಒಳಗಿನ ದಾರ ಕಾಣುತ್ತಿತ್ತು. ಮಗಳು ಇಳಿದು ಹೆಲ್ಮೆಟ್ಟು ತೆಗೆದಳು. ಕೂದಲು ಹಣೆಗೆ ಅಂಟಿತ್ತು. ಯಜಮಾನರೂ ಆಗಲೇ ಬಂದು ನಿಂತಿದ್ದರು.

"ತಪ್ಪು ನಂದೇ ಸಾರ್" ಎಂದಳು. "ಟೈರು ತಿಂದುಬಿಟ್ಟೆ. ಎಲ್ಲಿ ತಿಂದೆ ಅಂತಾನೇ ಗೊತ್ತಾಗ್ಲಿಲ್ಲ. ಹಳದಿ ಗಾಡಿ ಹಿಂದೆ ಹಾವಿನ ಹಾಗೆ ಓಡಿಸಿ, ಬ್ರೇಕ್ ಒತ್ತಿ ಒತ್ತಿ ಕಾವು ಹಾಗೇ ಉಳಿಸ್ಕೊಂಡು ತಂದಿದ್ದೆ. ಅಪ್ಪನಿಗೆ ಹೆಬ್ಬೆರಳೂ ತೋರಿಸಿದ್ದೆ."

ಹಾವಿನ ಹಾಗೆ ಓಡಿಸುವುದು, ಬ್ರೇಕಿನ ಕಾವನ್ನು ಚಕ್ರಕ್ಕೆ ದಾಟಿಸುವುದು. ಅದನ್ನೂ ಕಲಿಸಿದ್ದು ಅವನೇ.

"ಅವಳದ್ದಲ್ಲ ಸಾರ್" ಎಂದ ಮೇಸ್ತ್ರಿ. "ನಾನು ಗಾಳಿ ಬಿಟ್ಟೆ. ಬಿಸೀನ ತಣ್ಣಗೆ ಅಂದ್ಕೊಂಡೆ."

ಯಜಮಾನರು ಟೈರು ನೋಡಿದರು, ಅಂಗೈ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಕೈ ತಪ್ಪೋ ಕಾಲು ತಪ್ಪೋ, ಅದು ನಿಮ್ಮ ಮನೆ ವಿಚಾರ ಮೇಸ್ತ್ರಿ. ನಂಗೆ ಕಾಣೋದು ಒಂಬತ್ತು. ಕೊಟ್ಟ ಮಾತು ಎರಡೂ ಕಡೆ ಮಾತೇ ಅಲ್ವಾ" ಎಂದು, ಮೊಬೈಲು ಕಿವಿಗಿಟ್ಟುಕೊಂಡು ಹೊರಗೆ ಹೋದರು. ತಂಗಿಯ ಮಗನಿಗೇ ಇರಬೇಕು.

ಭಾವಮೈದುನ ಬಕೆಟ್ಟಿನಲ್ಲಿ ನೀರು ತಂದಿಟ್ಟು ಮೆಲ್ಲನೆ ಆಚೆ ಸರಿದ. ಮಗಳು ಅಪ್ಪನ ಬಲಗೈಯನ್ನು ನೀರಿಗೆ ಇಳಿಸಿದಳು.

"ಯಾವಾಗಿನಿಂದ?"

"ಐದಾರು ತಿಂಗಳಾಯ್ತೇನೋ."

"ಅಮ್ಮನಿಗೆ ಗೊತ್ತಾ?"

"ಗೊತ್ತು."

"ಮಾವನಿಗೆ?"

"ಈಗ ಗೊತ್ತಾಯ್ತು."

"ಸರಿ ಹಾಗಾದ್ರೆ. ಆ ಟೈರಿನ ಮೇಲೆ ಕೂತವಳಿಗೆ ಒಬ್ಬಳಿಗೆ ಗೊತ್ತಿರಲಿಲ್ಲ."

ಮೇಸ್ತ್ರಿ ನೀರಿನಿಂದ ಕೈ ಎತ್ತಲು ಹೋದ. ಅವಳು ಒತ್ತಿ ಹಿಡಿದಳು.

ಆಮೇಲೆ ಅವಳು, ಏನು ನೋಡಬೇಕೆನಿಸಿತೋ, ಅವನ ಎಡಗೈಯ ಮಣಿಕಟ್ಟು ಹಿಡಿದು, ಇನ್ನೂ ರಬ್ಬರಿನ ವಾಸನೆ ಏಳುತ್ತಿದ್ದ ಆ ಟೈರಿನ ಮೇಲೆ ಊರಿಸಿದಳು.

"ಎಣಿಸು ಅಪ್ಪ. ಬಿಸಿ ಇದೆಯಾ?"

"ಒಂದು" ಎಂದ ಮೇಸ್ತ್ರಿ. "ಎರಡು. ಮೂರು." ಮಗಳ ಮುಖವನ್ನೇ ನೋಡುತ್ತಿದ್ದ, ಉತ್ತರ ಅಲ್ಲಿದೆ ಎನ್ನುವ ಹಾಗೆ. "ನಾಲ್ಕು. ಗೊತ್ತಾಗ್ತಿಲ್ಲ ಮಗಳೇ."

ಐದಕ್ಕೆ ಅವಳೇ ಅವನ ಕೈ ಕಿತ್ತಳು.