ಆ ಅರಬ್ಬಿ ತಾಯಿ ಕೊಟ್ಟ ಹಣ್ಣು

ಮಹದೇವು, ನಿನ್ನ ಪುಸ್ತಕ ಅಚ್ಚಾಗದಂತೆ ಮಾಡಿದವನು ನಾನು. ‘ಹಿರಿಯ ವಿದ್ವಾಂಸರೊಬ್ಬರ ಅಭಿಪ್ರಾಯದಂತೆ’ ಎಂದು ಪ್ರಕಾಶಕರು ನಿನಗೆ ಬರೆದಿದ್ದರಲ್ಲ — ಆ ವಿದ್ವಾಂಸ, ನಂಜನಗೂಡಿನ ಕಾಲೇಜಿನಲ್ಲಿ ನಿನಗೆ ಕನ್ನಡ ಪಾಠ ಹೇಳಿದ ಈ ಮೇಷ್ಟ್ರೇ. ‘ಇದು ಅನುವಾದವಲ್ಲ, ಅಲ್ಲಿ ಇಲ್ಲಿ ಕದ್ದು ಅರಬ್ ಲೇಖಕನ ಹೆಸರಿನಲ್ಲಿ ಹೆಣೆದ ಕಟ್ಟುಕತೆ’ ಎಂದು ಬರೆದು ಸಹಿ ಹಾಕಿದೆ. ಎಂಟು ವರ್ಷವಾಯಿತು.

ನನ್ನ ಸ್ವಭಾವ ನಿನಗೆ ಗೊತ್ತು. ಕಾಪಿ ಹೊಡೆಯುವವನನ್ನು ಬೆನ್ನು ನೋಡಿಯೇ ಹಿಡಿಯುತ್ತೇನೆಂದು ಬೀಗುತ್ತಿದ್ದವನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಅಂದಾಗಲೆಲ್ಲ ನಮ್ಮ ಮನೆಯವಳು, ‘ನಿಮಗೆ ಹಾಲೂ ಹಾಲಲ್ಲ ಬಿಡಿ’ ಎನ್ನುತ್ತಿದ್ದಳು. ಅಂಥವನ ಕೈಗೆ ನಿನ್ನ ಹಸ್ತಪ್ರತಿ ಬಂತು. ಹೆಮ್ಮಿಗೆಯ ಒಕ್ಕಲು ಮನೆತನದ ಹುಡುಗ, ಕೊಲ್ಲಿ ದೇಶದಲ್ಲಿ ಹನ್ನೊಂದು ವರ್ಷ ಲಾರಿ ಓಡಿಸಿದವನು — ಇವನಿಗೆ ಅರಬ್ಬಿ ಪುಸ್ತಕ ಓದುವುದಕ್ಕೆ ಯಾವಾಗ ಬಂತು? ಎಲ್ಲೋ ಏನೋ ಕದ್ದಿದ್ದಾನೆ! ಮೊದಲ ಪುಟ ತಿರುವುವ ಮೊದಲೇ ತೀರ್ಪು ಸಿದ್ಧವಾಗಿತ್ತು.

ಓದುತ್ತ ಹೋದೆ. ಒಳ್ಳೆಯ ಪುಸ್ತಕ ಎಂದು ಆಗಲೇ ತಿಳಿದಿತ್ತು. ಮರಳುಗಾಡಿನ ಅಂಚಿನ ಊರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬಾಳಿದ ಆ ಲೇಖಕ, ಅಲ್ಲಿಯವರಿಗೆ ತನ್ನ ತಾಯಿಯ ಮನೆಯನ್ನೂ ತಾಯಿಗೆ ಅಲ್ಲಿಯವರ ರೀತಿನೀತಿಯನ್ನೂ ವಿವರಿಸುತ್ತಲೇ ಮುದುಕನಾದವನು. ಅಲ್ಲಿ ಅವನನ್ನು ಗೂಢಚಾರ ಎಂದರು, ಊರಲ್ಲಿ ಪರಂಗಿಯಾಗಿಬಿಟ್ಟ ಎಂದರು. ಆದರೂ ಅವನ ಬರಹ ಓದಿ ಅವರ ಮನೆಗೆ ಇವರು, ಇವರ ಮನೆಗೆ ಅವರು ಹೋಗಿಬರತೊಡಗಿದರು.

ಒಂದು ಕಡೆ ಅವನು ಫ್ರೆಂಚ್ ಗೆಳೆಯನನ್ನು ಊರಿಗೆ ಕರೆತರುತ್ತಾನೆ. ಆ ಗೆಳೆಯನಿಗೆ ಬೇಯಿಸಿದ್ದನ್ನು ಮುಟ್ಟಲು ಅಳುಕು. ತಾಯಿ ಬೇಸರಪಡದೆ ಸುಲಿಯದ ದಾಳಿಂಬೆಯನ್ನೂ ಒಂದು ಚಾಕುವನ್ನೂ ತಂದು ಮುಂದಿಡುತ್ತಾಳೆ. ‘ನಮ್ಮ ಮೇಲೆ ಅನುಮಾನ ಇರುವವನೂ ನಮ್ಮನೆಯಿಂದ ಹಸಿದು ಹೋಗಬಾರದು’ ಎಂದು ಮಗನಿಗೆ ಹೇಳುತ್ತಾಳೆ.

ನನ್ನ ಮೈ ಉರಿದುಹೋಯಿತು. ನಿನ್ನ ಅಕ್ಕನ ಮದುವೆಯ ವಾರ ನಿಮ್ಮ ಮನೆಗೆ ಬಂದಿದ್ದೆನಲ್ಲ — ನಾನು ಗುಡಿ ಪೂಜೆಯ ಮನೆತನದವನು, ನಿಮ್ಮಲ್ಲಿ ಬೇಯಿಸಿದ್ದು ಉಣ್ಣುವುದಿಲ್ಲ ಎಂದು ಹೇಳುವ ಮೊದಲೇ ನಿನ್ನ ಅವ್ವ ಎರಡು ಬಾಳೆಹಣ್ಣು ತಂದಿಟ್ಟರು. ‘ಸಿಪ್ಪೆ ಸುಲ್ದಿಲ್ಲ ಕಣ್ ಸಾಮಿ, ಮೈಲ್ಗೆ ಇಲ್ಲ, ತಿನ್ನಿ’ ಎಂದರು. ಆಮೇಲೆ ತಿನ್ನುತ್ತೇನೆಂದು ಚೀಲಕ್ಕೆ ಹಾಕಿಕೊಂಡೆ. ಬಸ್ಸಿಗೆ ಕಾಯುವಾಗ ಅದನ್ನು ಹಸುವಿಗೆ ತಿನ್ನಿಸಿದೆ. ನೀನು ಅಲ್ಲೇ ನಿಂತಿದ್ದೆ — ನೋಡಿದೆಯೋ, ಇಲ್ಲವೋ...

ನೋಡಿದ್ದಾನೆ, ನೋಡಿಯೇ ಬರೆದಿದ್ದಾನೆ ಎನ್ನಿಸಿತು. ಅರಬ್ಬಿಯೂ ಇಲ್ಲ ಮಣ್ಣೂ ಇಲ್ಲ, ತನ್ನ ಅವ್ವನನ್ನೇ ಅಲ್ಲಿಗೆ ಕೂರಿಸಿ ನನಗೆ ಚುಚ್ಚುತ್ತಿದ್ದಾನೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಆ ಸಿಟ್ಟಿನಲ್ಲೇ ಅಭಿಪ್ರಾಯ ಬರೆದೆ.

ಇಷ್ಟೇ ಆಗಿದ್ದರೆ... ಆದರೆ ಇಷ್ಟೇ ಅಲ್ಲ. ಹಸ್ತಪ್ರತಿಯ ಜೊತೆ ನೀನು ಮೂಲದ ಜೆರಾಕ್ಸ್ ಇಟ್ಟಿದ್ದೆ. ತಿಂಗಳಾದ ಮೇಲೆ, ನಿನ್ನ ಕಳ್ಳತನ ಖಾತ್ರಿ ಮಾಡಿಕೊಳ್ಳಲೆಂದೇ, ಅದನ್ನು ಮೈಸೂರಿನ ಅರಬ್ಬಿ ಮೇಷ್ಟ್ರೊಬ್ಬರಿಗೆ ತೋರಿಸಿದೆ. ಅವರು ಸಾಲಿನ ಮೇಲೆ ಬೆರಳಿಟ್ಟು ಓದಿ ಅರ್ಥ ಹೇಳಿದರು. ದಾಳಿಂಬೆ ಇತ್ತು. ಚಾಕು ಇತ್ತು. ತಾಯಿಯ ಆ ಮಾತೂ ಇತ್ತು. ನಿನ್ನ ಕನ್ನಡ ಓದಿಸಿ ಕೇಳಿದವರು, ‘ಯಾರ್ರೀ ಮಾಡಿದ್ದು? ಭಾಷೆ ಬಲ್ಲವರೇ’ ಎಂದರು. ಯಾರೋ ಗೊತ್ತಿಲ್ಲ ಎಂದೆ. ಅಂದೇ ಪ್ರಕಾಶಕರಿಗೆ ನಾಲ್ಕು ಸಾಲು ಬರೆದಿದ್ದರೆ ಸಾಕಿತ್ತು. ನನ್ನ ಹೆಸರು ಕೆಡುತ್ತದೆಂದು ಬರೆಯಲಿಲ್ಲ.

ಮೊನ್ನೆ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಇವನಿಗೆ ಗೊತ್ತಾಗಿದೆಯೇ ಎಂದು ನಾನು ನಿನ್ನ ಮುಖವನ್ನೇ ತಡಕುತ್ತಿದ್ದೆ. ನೀನಂದೆ: ‘ನರಸೀಪುರದಲ್ಲಿ ಗೂಡ್ಸ್ ಆಟೋ ಓಡಿಸ್ತೀವ್ನಿ ಸಾ. ಆ ಕಾಗ್ದ ಬಂದಾಗಿಂದ ಊರಲ್ಲಿ ಕದ್ದು ಬರ್ದೋನು ಅಂತ ಇನ್ನೂ ಆಡ್ಕತಾರೆ. ಆಮೇಲೆ ನಾನು ಪೆನ್ನೇ ಮುಟ್ನಿಲ್ಲ. ಆ ಬುಕ್ಕು ನಿಮ್ ಕೈಗೆ ಓಗಿದ್ರೆ ಇಂಗಾಯ್ತಿರ್ನಿಲ್ಲ. ನೀವಾದ್ರೆ ಒಂದ್ಸಲ ನನ್ನ ಕರ್ದು ಕೇಳ್ತಿದ್ರಿ.’

ಹೂಂ ಎಂದೆ. ಮಹದೇವು, ಅಲ್ಲಿಯೂ ಹೂಂ ಎಂದೆ ನಾನು! ಥೂ, ನನ್ನ ಜನ್ಮಕ್ಕಿಷ್ಟು.

ಈ ಪತ್ರದ ಮೇಲೂ ನನಗೆ ಅನುಮಾನವಿದೆ — ನಾನು ಹಗುರಾಗಲಿಕ್ಕೇ ಬರೆಯುತ್ತಿದ್ದೇನೋ ಏನೋ. ಪ್ರಕಾಶಕರಿಗೆ ನನ್ನ ಹೆಸರು ಹಾಕಿ, ನಾನು ಬರೆದಿದ್ದು ಸುಳ್ಳು ಎಂದು ಇವತ್ತು ಕಾಗದ ಕಳಿಸಿದ್ದೇನೆ. ಅವರು ಅಚ್ಚು ಹಾಕುತ್ತಾರೋ ಇಲ್ಲವೋ. ಈ ಭಾನುವಾರ ಹೆಮ್ಮಿಗೆಗೆ ಬರುತ್ತೇನೆ. ನಿನ್ನನ್ನು ಕಳ್ಳ ಎಂದವರೆಲ್ಲ ಕೇಳುವಂತೆ ನಿನ್ನ ಬಾಗಿಲ ಮುಂದೆ ನಿಂತು ಹೇಳುತ್ತೇನೆ — ಮಹದೇವು ಕದ್ದಿಲ್ಲ, ಸುಳ್ಳು ಬರೆದವನು ನಾನು ಎಂದು. ನೀನು ಬಾಗಿಲು ತೆಗೆಯದಿದ್ದರೂ ಹೇಳಿಯೇ ಹೋಗುತ್ತೇನೆ.