ಬಾಯಲ್ಲಿ ನಿಲ್ಲದ ಪೇರಲ ರಸ

ನರಗುಂದದ ನಮ್ಮ ದೊಡ್ಡವ್ವನಿಗೆ ಎಡಗೆನ್ನೆಯ ಒಳಗೆ ಒಂದೇ ಜಾಗದಲ್ಲಿ ಪದೇಪದೇ ಹುಣ್ಣಾಗುತ್ತಿತ್ತು. ಪೇರಲ ಎಲೆ ಜಗಿದು ರಸವನ್ನು ಅಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ಎರಡು ನಿಮಿಷದಲ್ಲಿ ಅದು ಜೊಲ್ಲಿನ ಜೊತೆ ಗಂಟಲಿಗಿಳಿದಿರುತ್ತಿತ್ತು.

"ಇದು ಅಲ್ಲೇ ನಿಂದ್ರೂದs ಇಲ್ಲ ನೋಡು. ನೀ ಔಷಧದ್ದs ಕಲೀತಿ, ಏನರ ಮಾಡು" ಎಂದಳು.

ನಾನಾಗ ಗಜೇಂದ್ರಗಡದಲ್ಲಿ ಎಂ.ಫಾರ್ಮ್ ಓದುತ್ತಿದ್ದೆ. ಪ್ರಾಜೆಕ್ಟಿಗೆ ಅದನ್ನೇ ಹಿಡಿದೆ: ಪೇರಲ ಎಲೆಯ ಸಾರ ಸೇರಿಸಿದ ತೆಳುವಾದ ಹಾಳೆ, ಕೆನ್ನೆಯೊಳಗೆ ಅಂಟಿಕೊಂಡು ನಿಧಾನವಾಗಿ ಕರಗಬೇಕು. ಮೊದಲ ಹಾಳೆ ಒಣಗಿ ಹಪ್ಪಳದಂತೆ ಮುರಿಯಿತು. ಮೆತ್ತಗಾಗಲೆಂದು ಗ್ಲಿಸರಿನ್ ಹೆಚ್ಚಿಸಿದರೆ ಎರೆದ ಗಾಜಿನ ತಟ್ಟೆ ಬಿಟ್ಟು ಏಳಲೇ ಇಲ್ಲ. ತಿಂಗಳುಗಟ್ಟಲೆ ಹೀಗೇ ನಡೆಯಿತು.

"ವಿಷಯ ಬದಲಿ ಮಾಡ್ರಿ. ಮಾತ್ರಿ ಮಾಡಿ ಲಗೂ ಮುಗಸ್ರಿ" ಎಂದರು ಗೈಡ್ ಮೇಡಮ್.

"ಇಲ್ರಿ ಮೇಡಮ್, ಇದನ್ನs ಮಾಡ್ತೀನ್ರಿ" ಎಂದೆ. ಗಾಜಿನ ತಟ್ಟೆ ತೊಳೆದು ಮತ್ತೆ ಹೊಸ ಹಾಳೆ ಎರೆದೆ.

ಕೊನೆಗೊಂದು ಹಾಳೆ ಮಡಚಿದರೂ ಮುರಿಯದೆ ಎದ್ದು ಬಂತು. ಅದು ಒದ್ದೆ ಬಾಯಲ್ಲಿ ನಿಲ್ಲುತ್ತದೆಯೇ ಎಂದು ನೋಡಲು ಆಡಿನ ಕೆನ್ನೆಯ ಒಳಚರ್ಮ ಬೇಕಿತ್ತು. ನಮ್ಮದು ಮಾಂಸ ತಿನ್ನದ ಮನೆ. ನರಗುಂದದಿಂದ ಮರಳುವಾಗ ರೋಣದಲ್ಲಿ ಇಳಿದು, ಅಲ್ಲಿನ ಮಟನ್ ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ, ಮೂರನೆಯ ಸಲ ನಿಂತೆ.

"ಕೆನ್ನಿ ಒಳಗಿನ ಚರ್ಮ ಅಷ್ಟs ಬೇಕ್ರಿ, ಅಣ್ಣಾರ."

ಅಂಗಡಿಯವರು ಕತ್ತಿ ಕೆಳಗಿಟ್ಟರು. "ಅಷ್ಟs ತಗೊಂಡು ಏನ್ ಅಡಗಿ ಮಾಡ್ತೀರಿ, ಅಕ್ಕಾರ?"

ಬಾಯಿಹುಣ್ಣಿನ ಔಷಧದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹಂಗಾದ್ರ ಗಾಯ ಆಗದಂಗ ಬಿಡಿಸಿ ಕೊಡ್ತೀನಿ ತಡೀರಿ" ಎಂದು ಚಿಕ್ಕ ಚಾಕು ತೆಗೆದುಕೊಂಡರು. ಐಸ್ ತುಂಬಿದ ಡಬ್ಬಿಯಲ್ಲಿ ಅದನ್ನಿಟ್ಟುಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ.

ಲ್ಯಾಬಿನಲ್ಲಿ ಚರ್ಮವನ್ನು ಜೊಲ್ಲಿನಂಥ ದ್ರಾವಣದಲ್ಲಿ ನೆನೆಸಿಟ್ಟರೂ ಹಾಳೆ ಅದಕ್ಕೆ ಅಂಟಿಕೊಂಡಿತು. ಒಂದು ತಾಸು, ಎರಡು ತಾಸು, ಅಲುಗಲಿಲ್ಲ. ಮೇಡಮ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ನಾಲ್ಕನೆಯ ತಾಸಿಗೆ, "ಬರಕೊಳ್ರಿ" ಎಂದರು. ಅಷ್ಟೇ. ನನಗೆ ಕಣ್ಣು ತುಂಬಿ ಗಡಿಯಾರ ಮಂಜಾಯಿತು.

ಸುದ್ದಿ ಕೇಳಿ ದೊಡ್ಡವ್ವ ಬಾಯಿ ತೆರೆದೇ ಕೂತಳು. "ಹಚ್ಚು."

"ಮಂದಿ ಮ್ಯಾಲೆ ಪರೀಕ್ಷಾ ಮಾಡಾಕ ಪರವಾನಗಿ ಬೇಕು, ದೊಡ್ಡವ್ವಾ. ಈಗ ಹಚ್ಚಾಕ ಬರೂದಿಲ್ಲ."

"ಆಡಿಗೆ ಹಚ್ಚಿದಿ, ನನಗ ಇಲ್ಲೇನು?" ಎಂದು ಮುಖ ತಿರುಗಿಸಿದಳು. ಮರುದಿನ ಅವಳನ್ನು ಹಲ್ಲಿನ ದವಾಖಾನೆಗೆ ಕರೆದುಕೊಂಡು ಹೋದೆ. ಒಂದು ಹಲ್ಲಿನ ಚೂಪು ಅಂಚು ಕೆನ್ನೆಗೆ ತಾಗುತ್ತಿತ್ತಂತೆ. ಡಾಕ್ಟರು ಉಜ್ಜಿ ನಯ ಮಾಡಿದರು. ಹುಣ್ಣು ಮತ್ತೆ ಬರಲಿಲ್ಲ.

"ನಂದಂತೂ ಚಲೋ ಆತು" ಎಂದಳು, ರೊಟ್ಟಿ ಮುರಿಯುತ್ತ. "ಬ್ಯಾರೆದವರಿಗೆ ಬೇಕಾಗ್ತೈತಿ. ನೀ ಬಿಡಬ್ಯಾಡ."

ಬಿಟ್ಟಿಲ್ಲ. ಪರವಾನಗಿಯ ಅರ್ಜಿ ಒಮ್ಮೆ ಪ್ರಶ್ನೆಗಳೊಂದಿಗೆ ವಾಪಸ್ ಬಂತು. ಉತ್ತರ ಬರೆದು ಮತ್ತೆ ಕಳಿಸಿದ್ದೇನೆ.